ಕಾಲುಹಗ್ಗದ ಮೇಲೆ ಕಾಲಿಡುವ ಮುನ್ನ

ಕೊಚ್ಚಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಫೋರ್ಟ್ ಕೊಚ್ಚಿಯ ಚೀನೀ ಬಲೆ, ಮಟ್ಟಾಂಚೇರಿಯ ಅರಮನೆ ನೋಡಿ, ಬಾಳೆಕಾಯಿ ಚಿಪ್ಸ್ ಕಟ್ಟಿಸಿಕೊಂಡು ಮರಳುತ್ತಾರೆ. ಅದೇ ಊರಿನ ನೌಕಾನೆಲೆಯಲ್ಲಿ ಇನ್ನೊಂದು ನೋಟವಿದೆ. ಡಿಸೆಂಬರ್ 4ರ ನೌಕಾಪಡೆ ದಿನದ ಆಸುಪಾಸಿನಲ್ಲಿ ಕೆಲವು ಹಡಗುಗಳನ್ನು ಜನರಿಗೆ ತೋರಿಸಲು ತೆರೆದಿಡುತ್ತಾರೆ. ಬೂದು ಬಣ್ಣದ ಯುದ್ಧನೌಕೆಗಳ ನಡುವೆ ಮೂರು ಕಂಬಗಳ ಬಿಳಿ ಹಾಯಿಹಡಗು ಕಂಡರೆ, ಅದು ಐಎನ್‌ಎಸ್ ತರಂಗಿಣಿಯೋ ಅದರ ತಂಗಿ ಸುದರ್ಶಿನಿಯೋ ಆಗಿರುತ್ತದೆ.

ನಾನು ತರಂಗಿಣಿಯನ್ನು ನೋಡಿದ್ದು ಅಕ್ಕನ ಜೊತೆ. ಅವಳ ಒಬ್ಬನೇ ಮಗ ಅದರಲ್ಲಿ ತರಬೇತಿಯಲ್ಲಿದ್ದ. ಭಾವ ತೀರಿಕೊಂಡ ಮೇಲೆ ಅವಳು ಡೊಂಬಿವಲಿಯಲ್ಲಿ ಒಬ್ಬಳೇ ಬೆಳೆಸಿದ ಹುಡುಗ. ಬೆಳಿಗ್ಗೆ ಕ್ಲಾಸ್, ಸಂಜೆ ಕ್ಲಾಸ್, ರಾತ್ರಿ ಬಾಗಿಲು ಹಾಕಿಕೊಂಡು ಓದು. ಪಕ್ಕದ ಬೆಂಚಿನವನು ಗೆಳೆಯನೂ ಹೌದು, ರ‍್ಯಾಂಕಿಗೆ ಅಡ್ಡ ಬರುವವನೂ ಹೌದು. ತನ್ನ ನೋಟ್ಸನ್ನು ಯಾರಿಗೂ ಕೊಟ್ಟವನಲ್ಲ. ಅವನು ಎಳಿಮಲದ ನೌಕಾ ಅಕಾಡೆಮಿ ಮುಗಿಸಿದಾಗ ಅಕ್ಕ ಕಟ್ಟಡಕ್ಕೆಲ್ಲ ಪೇಡೆ ಹಂಚಿದ್ದಳು. ಹಾಯಿಕಂಬ ಹತ್ತಿದ ಫೋಟೊ ಬಂದ ದಿನದಿಂದ ಮಾತ್ರ ನಿದ್ದೆ ಬಿಟ್ಟಳು. "ಒಮ್ಮೆ ಕಣ್ಣಾರೆ ನೋಡ್ತೇನೆ ತಮ್ಮಾ. ಸರಿ ಕಾಣದಿದ್ದರೆ ಎಲ್ಲ ಬಿಟ್ಟು ಬಾ ಅಂತ ಹೇಳ್ತೇನೆ" ಎಂದೇ ರೈಲು ಹತ್ತಿದ್ದಳು.

ತರಂಗಿಣಿ ನಮಗೆ ದೂರದವಳೇನಲ್ಲ. ಕಾರವಾರದಿಂದ ಕೂಗಳತೆಯ ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿದ ಹಡಗು. 1997ರಲ್ಲಿ ನೌಕಾಪಡೆಗೆ ಸೇರಿತು. 54 ಮೀಟರ್ ಉದ್ದ, 20 ಹಾಯಿಗಳು. 2003–04ರಲ್ಲಿ ಭೂಮಿಯನ್ನು ಸುತ್ತಿ ಬಂತು. ನಮ್ಮ ನೌಕಾಪಡೆಯ ಹಡಗೊಂದು ಹಾಗೆ ಸುತ್ತಿದ್ದು ಅದೇ ಮೊದಲು. ಸುದರ್ಶಿನಿ ಸೇರಿದ್ದು 2012ರಲ್ಲಿ. ಎರಡಕ್ಕೂ ಎಂಜಿನ್ ಇದೆ, ಉಪಗ್ರಹ ದಾರಿ ತೋರಿಸುತ್ತದೆ. ಆದರೂ ನಾಳೆ ಕ್ಷಿಪಣಿ ಹೊತ್ತ ಹಡಗು ನಡೆಸಬೇಕಾದ ಮಕ್ಕಳನ್ನು ಹಗ್ಗ ಎಳೆಯಲು ಕಳಿಸುತ್ತಾರೆ. ಯಾಕೆ?

ಹಡಗು ಹತ್ತಿದ ಅಕ್ಕ ಡೆಕ್ಕಿನಲ್ಲಿ ನಿಂತು ಮೇಲೆ ನೋಡಿದಳು. ಕಂಬಕ್ಕೆ ಅಡ್ಡಲಾಗಿ ಉದ್ದನೆಯ ತೊಲೆಗಳು. ಪ್ರತಿ ತೊಲೆಯ ಕೆಳಗೆ ಜೋಲುವ ಒಂದು ಹಗ್ಗ. ಹಾಯಿ ಬಿಚ್ಚುವವರು, ಸುತ್ತುವವರು ನಿಲ್ಲುವುದು ಆ ಹಗ್ಗದ ಮೇಲೆ.

"ಬಿದ್ದರೆ ಯಾರು ಹಿಡೀತಾರೆ?"

ಮಗ ಸೊಂಟಕ್ಕೆ ಕಟ್ಟುವ ಬೆಲ್ಟು, ಕೊಕ್ಕೆ ತೋರಿಸಿದ. ಅವಳಿಗೆ ಸಮಾಧಾನವಾಗಲಿಲ್ಲ. ಆಗ ಅವನು ಹೇಳಿದ: "ಅಮ್ಮಾ, ಆ ಕಾಲುಹಗ್ಗ ಎಲ್ಲರಿಗೂ ಒಂದೇ. ನಾನು ಕಾಲಿಟ್ಟರೆ ನನ್ನ ಭಾರಕ್ಕೆ ಪಕ್ಕದವನ ಕಾಲ ಕೆಳಗೆ ಹಗ್ಗ ಜಗ್ಗುತ್ತೆ. ಅದಕ್ಕೇ ಕಾಲಿಡ್ತಿದ್ದೀನಿ ಅಂತ ಮೊದಲು ಕೂಗಬೇಕು. ಅಲ್ಲಿರುವವರು ಹೂಂ ಅಂದ ಮೇಲೇ ಇಡಬೇಕು. ಇಳಿಯುವಾಗಲೂ ಅಷ್ಟೇ."

ಹಾಯಿಹಡಗಿನ ಕೆಲಸವೆಲ್ಲ ಹೀಗೇ. ಗಾಳಿಗೆ ತಕ್ಕಂತೆ ಅಡ್ಡತೊಲೆ ತಿರುಗಿಸಬೇಕೆಂದರೆ ಒಂದು ಬದಿಯವರು ಎಳೆಯಬೇಕು, ಇನ್ನೊಂದು ಬದಿಯವರು ಅಳತೆಗೆ ಸರಿಯಾಗಿ ಸಡಿಲಿಸಬೇಕು. ಸಡಿಲಿಸುವವರು ಗಟ್ಟಿ ಹಿಡಿದರೆ ಎಳೆಯುವವರ ಬಲವೆಲ್ಲ ದಂಡ. ಒಮ್ಮೆಲೇ ಬಿಟ್ಟರೆ ಅಪಾಯ. ಎಳೆಯುವವನಿಗಿಂತ ಬಿಡುವವನಿಗೇ ಹೆಚ್ಚು ಎಚ್ಚರ ಬೇಕು. ಯಾವ ಕ್ಲಾಸಿನಲ್ಲೂ ಹುಡುಗನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಪಾಳಿಯ ಲೆಕ್ಕವೂ ಚೆಂದ. ನಾಲ್ಕು ನಾಲ್ಕು ಗಂಟೆಗೊಂದು ಪಾಳಿಯಾದರೆ ದಿನಕ್ಕೆ ಆರು. ಮೂರು ತಂಡಗಳಿದ್ದರೆ ನಡುರಾತ್ರಿಯ ಪಾಳಿ ದಿನವೂ ಒಂದೇ ತಂಡದ ತಲೆಗೆ ಬೀಳುತ್ತದೆ. ಅದಕ್ಕಾಗಿ ಹಳೆಯ ನಾವಿಕರು ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡು ಹೋಳು ಮಾಡಿದರು. ದಿನಕ್ಕೆ ಏಳು ಪಾಳಿಯಾಯಿತು, ಸರದಿ ತಾನಾಗಿ ತಿರುಗತೊಡಗಿತು. ಕಷ್ಟ ತಪ್ಪಲಿಲ್ಲ, ಹಂಚಿಹೋಯಿತು.

ಊಟದ ಹೊತ್ತಿಗೆ ಅಳಿಯ ತನ್ನ ಜೊತೆಗಾರನನ್ನು ಕರೆತಂದ. ಹರಿಯಾಣದ ಹುಡುಗ, ಅಕಾಡೆಮಿಗೆ ಬರುವ ತನಕ ಸಮುದ್ರ ಕಂಡವನಲ್ಲ. "ಮೊದಲ ಮೂರು ದಿನ ನಾನು ವಾಂತಿ ಮಾಡಿಕೊಂಡು ಬಿದ್ದಿದ್ದೆ ಮಾಮಾ. ನನ್ನ ಪಾಳಿಯನ್ನೂ ಇವನೇ ನಿಂತ" ಎಂದ ಅಳಿಯ. ಸಮುದ್ರದ ಮಗ್ಗುಲಲ್ಲಿ ಬಾಳಿದ ಮನೆತನದ ಕುಡಿ ನಮ್ಮವನು. ನಿಂತವನು ಗೋಧಿ ಹೊಲದಿಂದ ಬಂದವನು. ಈಗ ಅವನಿಗೆ ನಕ್ಷತ್ರ ನೋಡಿ ಹಡಗಿನ ಜಾಗ ಹಿಡಿಯುವ ಗಣಿತ ನಮ್ಮವನೇ ಹೇಳಿಕೊಡುತ್ತಾನಂತೆ. ನೋಟ್ಸಿನ ಪುಸ್ತಕ ಹರಿಯಾಣದವನ ಕೈಯಲ್ಲೇ ಇತ್ತು. ಅಕ್ಕ ಅದನ್ನು ನೋಡಿದಳು, ಏನೂ ಅನ್ನಲಿಲ್ಲ.

ಮರಳುವ ರೈಲು ನಡುರಾತ್ರಿ ಕಳೆದ ಮೇಲೆ ಹೊನ್ನಾವರ ಸೇರಿತು. ಶರಾವತಿಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಅದರ ಸದ್ದಿಗೆ ನನಗೆ ಎಚ್ಚರವಾಯಿತು. ಅಕ್ಕ ಎದ್ದೇ ಕೂತಿದ್ದಳು. ಅದು ನಮ್ಮೂರ ಕಡಲು. ಚಿಕ್ಕಂದಿನಲ್ಲಿ ಅಲ್ಲಿ ರಂಪಣಿ ಬಲೆ ಬಿಟ್ಟಾಗ ಕೇರಿಗೆ ಕೇರಿಯೇ ದಡಕ್ಕೆ ಓಡುತ್ತಿತ್ತು. ಬಲೆಯ ಎರಡು ತುದಿಗೂ ಸಾಲಾಗಿ ಜನ, "ಐಲೇಸಾ" ಎಂಬ ಕೂಗಿಗೆ ಒಂದು ಎಳೆತ. ಒಂದು ತುದಿ ಮುಂದಾದರೆ ಮೀನೆಲ್ಲ ಇನ್ನೊಂದು ಕಡೆಯಿಂದ ಜಾರಿಹೋಗುತ್ತಿತ್ತು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆ ಸೇರಿತು. ನಮ್ಮಂಥವರು ಮುಂಬಯಿ ಸೇರಿದೆವು.

"ಬಿಟ್ಟು ಬಾ ಅಂತ ಹೇಳಲೇ ಇಲ್ವಲ್ಲ ಅಕ್ಕಾ?" ಎಂದೆ.

"ಹೇಳೋದು ಹೇಗೆ?" ಅಂದಳು. "ಇವನು ಬಂದ್ರೆ ಇವನ ಪಾಳಿ ಮತ್ತೆ ಆ ಹುಡುಗನ ತಲೆ ಮೇಲೇ ಬೀಳ್ತದಲ್ಲ."