ಗುವಾಂಗ್‌ಝೌನಲ್ಲಿ ನಾಲ್ಕು ದಿನ: ಲೇಸು, ಗುಂಡಿ, ಶುಂಠಿ ಹಾಲು

ಗುವಾಂಗ್‌ಝೌಗೆ ಹೋಗ್ತಿದ್ದೀವಿ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ‘ಅಲ್ಲಿ ಏನ್ ತಿಂತೀರಾ?’ ಮತ್ತು ‘ನಂಗೊಂದು ಡ್ರೋನ್ ತರ್ತೀರಾ?’ ಎರಡನೆಯದಕ್ಕೆ ಉತ್ತರ ಸುಲಭ. ಹೊರದೇಶದಿಂದ ಡ್ರೋನ್ ತರೋದಕ್ಕೆ 2022ರಿಂದ ನಮ್ಮಲ್ಲಿ ನಿಷೇಧ ಇದೆ. ಮೊದಲನೆಯದಕ್ಕೆ ಉತ್ತರ ಸಿಗೋಕೆ ನಾಲ್ಕು ದಿನ ಬೇಕಾಯ್ತು.

ನಮ್ಮದು ಟೂರ್ ಪ್ಯಾಕೇಜ್ ಅಲ್ಲ. ಅಕ್ಕ ತುಮಕೂರಿನಲ್ಲಿ ಹತ್ತು ವರ್ಷದಿಂದ ಬ್ಲೌಸ್ ಹೊಲಿಯೋ ಅಂಗಡಿ ನಡೆಸ್ತಾಳೆ. ಮೂರು ಮಷೀನು, ಇಬ್ಬರು ಹುಡುಗಿಯರು. ಲೇಸು, ಗುಂಡಿ, ಮಣಿ ಎಲ್ಲ ಬರೋದು ಬೆಂಗಳೂರಿನ ಚಿಕ್ಕಪೇಟೆಯಿಂದ. ಪ್ರತಿ ಸಲ ಬಿಲ್ ನೋಡಿ, ‘ಇದೇ ಮಾಲು ಚೀನಾದಲ್ಲಿ ಕಾಲುಭಾಗ ಬೆಲೆಗೆ ಸಿಗುತ್ತಂತೆ ಕಣೇ, ಮಧ್ಯದವರು ನಮ್ಮನ್ನ ಸುಲೀತಾರೆ’ ಅಂತ ಗೊಣಗೋಳು. ಈ ವರ್ಷ ಚೀಟಿ ಎತ್ತಿದ ಮೂರು ಲಕ್ಷ ಕೈಗೆ ಬಂತು. ‘ನಾನೇ ಹೋಗಿ ನೋಡ್ತೀನಿ, ಸರಿ ಅನ್ನಿಸಿದ್ರೆ ನೇರ ತರಿಸ್ತೀನಿ’ ಅಂದಳು. ಫೋನು, ಮ್ಯಾಪು, ಇಂಗ್ಲಿಷು ನೋಡಿಕೊಳ್ಳೋಕೆ ಜೊತೆಗೆ ನಾನು.

ಫೋನೇ ಪರ್ಸು

ಮೊದಲು ವೀಸಾ ಮಾಡಿಸಿಕೊಂಡೆವು. ಬ್ಯಾಂಕಾಕ್ ಮೇಲೆ ಹೋದೆವು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ಇಂಟರ್‌ನೆಟ್‌ನಲ್ಲಿ ಗೂಗಲ್, ವಾಟ್ಸಾಪ್ ತೆರೆಯೋದಿಲ್ಲ. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡಿದ್ದರಿಂದ ಅಮ್ಮನಿಗೆ ದಿನಾ ಫೋಟೊ ಹೋಯ್ತು. ಹೊರಡುವ ಮೊದಲೇ ಅಲಿಪೇ ಹಾಕಿಕೊಂಡು ಅದಕ್ಕೆ ಕಾರ್ಡ್ ಜೋಡಿಸಿದ್ದೆ. ನಮ್ಮ ಯುಪಿಐ ಹಾಗೇ ಅಲ್ಲೂ ತಳ್ಳುಗಾಡಿಯವರವರೆಗೆ ಎಲ್ಲರ ಹತ್ತಿರ ಕ್ಯೂಆರ್ ಕೋಡು. ಒಂದು ಯುವಾನ್ ಅಂದರೆ 12 ರೂಪಾಯಿಯ ಆಸುಪಾಸು ಅಂತ ಅಕ್ಕ ಅಂಗೈಲೇ ಬರೆದುಕೊಂಡಳು.

ಒಂದು ಎಚ್ಚರಿಕೆ. 1957ರಿಂದ ನಡೆಯುತ್ತಿರುವ ಕ್ಯಾಂಟನ್ ಫೇರ್ ಎಂಬ ದೊಡ್ಡ ವ್ಯಾಪಾರ ಮೇಳ ಇಲ್ಲಿ ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ನಡೆಯುತ್ತೆ. ಆಗ ಹೋಟೆಲ್ ಬಾಡಿಗೆ ಗಗನಕ್ಕೆ. ಸುಮ್ಮನೆ ಓಡಾಡೋಕೆ ಹೋಗುವವರು ಆ ವಾರಗಳನ್ನು ಬಿಟ್ಟು ಹೋಗಿ.

ನೀರುದೋಸೆಯ ದಾಯಾದಿ

ಅಕ್ಕ ಶುದ್ಧ ಸಸ್ಯಾಹಾರಿ, ನಾನು ಮೊಟ್ಟೆಯವರೆಗೆ. ‘ವೋ ಛ್ರ್ ಸು’ ಅಂದರೆ ‘ನಾನು ಸಸ್ಯಾಹಾರಿ’ ಅಂತ ಕಲಿತು ಹೋಗಿದ್ದೆವು. ನಮ್ಮ ಉಚ್ಚಾರಣೆ ಕೇಳಿ ಎಲ್ಲರೂ ನಕ್ಕರು. ಕೊನೆಗೆ ಕೆಲಸಕ್ಕೆ ಬಂದದ್ದು ಫೋನಿನಲ್ಲಿ ಬರೆದು ತೋರಿಸಿದ ಚೀನೀ ಅಕ್ಷರ.

ಮೊದಲ ಬೆಳಗ್ಗೆ ಬೀದಿ ಬದಿಯ ಪುಟ್ಟ ಅಂಗಡಿಯಲ್ಲಿ ಚಿಯಂಗ್ ಫನ್ ಸಿಕ್ಕಿತು. ಅಕ್ಕಿ ಹಿಟ್ಟನ್ನು ನೀರು ನೀರಾಗಿ ಕಲಸಿ, ಅಗಲವಾದ ತಟ್ಟೆಗೆ ತೆಳ್ಳಗೆ ಹುಯ್ದು, ಹಬೆಯ ಪೆಟ್ಟಿಗೆಗೆ ತಳ್ಳಿ, ಒಂದೆರಡು ನಿಮಿಷದಲ್ಲಿ ಎಳೆದು ಕೆರೆದು ಮಡಚಿ ಕೊಡ್ತಾರೆ. ಒಳಗೆ ಮಾಂಸ, ಸೀಗಡಿ ಹಾಕದೆ ಬರೀ ಹಾಳೆ ಕೊಡಿ ಅಂತ ಕೇಳಬಹುದು. ಮೇಲೆ ಸಿಹಿ ಮಿಶ್ರಿತ ಸೋಯಾ ಸಾಸು. ಅಕ್ಕ ಒಂದು ತುತ್ತು ತಿಂದು, ‘ಇದು ಹಬೇಲಿ ಬೆಂದ ನೀರುದೋಸೆ ಕಣೇ, ಚಟ್ನಿ ಒಂದೇ ಕಡಿಮೆ’ ಅಂದಳು. ನಾಲ್ಕು ದಿನವೂ ಅದೇ ತಿಂಡಿ.

ಇಲ್ಲಿನ ಜನಕ್ಕೆ ಬೆಳಗಿನ ‘ಯಮ್ ಚಾ’ ಒಂದು ಸಣ್ಣ ಹಬ್ಬ. ಪದದ ಅರ್ಥ ಚಹಾ ಕುಡಿಯೋದು, ಆದರೆ ಚಹಾದ ನೆಪದಲ್ಲಿ ಬಿದಿರಿನ ಬುಟ್ಟಿಗಳಲ್ಲಿ ತಿಂಡಿ ಬರುತ್ತಲೇ ಇರುತ್ತೆ. ಅಜ್ಜ ಅಜ್ಜಿಯರು ಪೇಪರ್ ಹಿಡಿದು ಗಂಟೆಗಟ್ಟಲೆ ಕೂರ್ತಾರೆ. ಮೊದಲ ಸುತ್ತಿನ ಬಿಸಿ ಚಹಾದಲ್ಲಿ ಬಟ್ಟಲು, ಚಾಪ್‌ಸ್ಟಿಕ್ ತೊಳೆದು ಚೆಲ್ಲಬೇಕು. ಯಾರಾದರೂ ನಿಮಗೆ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜು ತಟ್ಟಿದರೆ ಸಾಕು, ಅದೇ ಥ್ಯಾಂಕ್ಸ್. ಕೆಟಲ್ ಮುಚ್ಚಳ ಓರೆಯಾಗಿಟ್ಟರೆ ‘ಬಿಸಿನೀರು ತನ್ನಿ’ ಅಂತ.

ಸಸ್ಯಾಹಾರಿಗಳು ಹುಷಾರು. ಮೂಲಂಗಿ ಕೇಕ್ ಅಂತ ಹೆಸರಿದ್ದರೂ ಅದರಲ್ಲಿ ಒಣಸೀಗಡಿ, ಸಾಸೇಜ್ ಇರುತ್ತೆ. ಎಗ್ ಟಾರ್ಟ್‌ನ ಹೊರಪದರಕ್ಕೆ ಹಂದಿ ಕೊಬ್ಬು ಹಾಕೋದುಂಟು. ನಮಗೆ ಮಧ್ಯಾಹ್ನದ ಊಟಕ್ಕೆ ನೆಮ್ಮದಿ ಸಿಕ್ಕಿದ್ದು ಬೌದ್ಧರ ಸಸ್ಯಾಹಾರಿ ಹೋಟೆಲುಗಳಲ್ಲಿ. ತೋಫು, ಅಣಬೆ, ಕಮಲದ ದಂಟು, ಸೊಪ್ಪು, ಅನ್ನ. ಹೊಟ್ಟೆ ತಣ್ಣಗಾಯ್ತು.

ಬೀದಿ ಬೀದಿಗೂ ‘ಲಿಯಾಂಗ್ ಚಾ’ ಅಂಗಡಿ. ಹೆಸರಿನಲ್ಲಿ ಚಹಾ ಇದ್ದರೂ ಅದು ಗಿಡಮೂಲಿಕೆಯ ಕಷಾಯ. ಮೈಗೆ ಉಷ್ಣ ಏರಿದೆ, ತಂಪಿಗೆ ಕುಡಿಯಿರಿ ಅನ್ನೋದು ಇವರ ಲೆಕ್ಕ. ಕೆಲವು ನೆಲಬೇವಿನಷ್ಟೇ ಕಹಿ. ‘ಉಷ್ಣ, ತಂಪು ಅನ್ನೋ ಜನ ನಮ್ಮಜ್ಜಿ ಒಬ್ಬಳೇ ಅಲ್ಲ ಬಿಡು’ ಅಂತ ಅಕ್ಕನಿಗೆ ಖುಷಿ.

ಲೇಸಿನ ಸಮುದ್ರ

ಎರಡನೇ ದಿನ ಮೆಟ್ರೊದ 8ನೇ ಲೈನ್‌ನಲ್ಲಿ ಲುಜಿಯಾಂಗ್ ಸ್ಟೇಷನ್ನಿಗೆ ಇಳಿದೆವು. ಪಕ್ಕದ ಸುನ್ ಯಾತ್-ಸೆನ್ ವಿಶ್ವವಿದ್ಯಾಲಯವನ್ನು ಚೀನೀಯಲ್ಲಿ ಚುಟುಕಾಗಿ ಝೊಂಗ್‌ದಾ ಅಂತಾರೆ. ಅದೇ ಹೆಸರು ಅಲ್ಲಿನ ಬಟ್ಟೆ ಮಾರುಕಟ್ಟೆಗೂ ಅಂಟಿದೆ. ಒಂದಲ್ಲ, ಹತ್ತಾರು ಕಟ್ಟಡಗಳು. ಒಂದು ಸಾಲು ಪೂರ್ತಿ ಬರೀ ಜಿಪ್ಪು, ಇನ್ನೊಂದು ಬರೀ ಗುಂಡಿ, ಮತ್ತೊಂದು ಬರೀ ಲೇಸು. ಬಟ್ಟೆಯ ಸುರುಳಿ ಹೇರಿಕೊಂಡ ಎಲೆಕ್ಟ್ರಿಕ್ ಗಾಡಿಗಳು ಕಾಲಿಗೆ ಹತ್ತಿಸುವ ಹಾಗೆ ಬರ್ತವೆ. ಚಿಕ್ಕಪೇಟೆಯಲ್ಲಿ ನಡೆದು ಅಭ್ಯಾಸವಾದವರಿಗೆ ಇದೇನೂ ಹೊಸದಲ್ಲ. ಮೈ ತಾನೇ ಸರಿದುಕೊಳ್ಳುತ್ತೆ.

ಅಕ್ಕ ಮೊದಲ ಅರ್ಧ ಗಂಟೆ ಮಾತೇ ಆಡಲಿಲ್ಲ. ಬೆರಳಲ್ಲಿ ಲೇಸು ಉಜ್ಜಿ, ಎಳೆದು, ತಿರುಗಿಸಿ ನೋಡಿದಳು. ಆಮೇಲೆ ಒಂದು ಅಂಗಡಿಯಲ್ಲಿ ಬೆಲೆ ಕೇಳಿ ನನ್ನ ಕೈ ಹಿಡಿದುಕೊಂಡಳು. ನಿಜ, ಕಾಲುಭಾಗವೇ! ಅಂಗಡಿಯ ಹೆಂಗಸು ಕ್ಯಾಲ್ಕುಲೇಟರ್ ಮುಂದೆ ತಳ್ಳಿ ಫೋನಿನ ಅನುವಾದದಲ್ಲಿ ಕೇಳಿದಳು: ‘ಒಂದು ಬಣ್ಣಕ್ಕೆ ಎಷ್ಟು ರೋಲು?’

ಅಕ್ಕನಿಗೆ ಬೇಕಾದದ್ದು ನಲವತ್ತು ಬಣ್ಣ, ಒಂದೊಂದರಲ್ಲಿ ಹತ್ತು ಮೀಟರ್. ಆ ಹೆಂಗಸು ಕೊಡೋದು ಬಣ್ಣಕ್ಕಿಷ್ಟು ಅಂತ ಇಡೀ ರೋಲುಗಳು. ನಮಗೆ ಬೇಕಾದ ಬಣ್ಣ ಹಾಕಿಸಬೇಕಾದರೆ ಇನ್ನೂ ಹೆಚ್ಚು. ಐದಾರು ಅಂಗಡಿ ತಿರುಗಿದರೂ ಅದೇ ಮಾತು. ಯಾರೂ ಮುಖ ಸಿಂಡರಿಸಲಿಲ್ಲ, ಎಲ್ಲರೂ ಸ್ಯಾಂಪಲ್ ಕಾರ್ಡ್ ಕೊಟ್ಟು ಕಳಿಸಿದರು.

ಅಂಗಿ ಹಿಡಿದು ನಿಂತವರು

ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಕಟ್ಟಡಗಳು ಎಷ್ಟು ಒತ್ತಾಗಿವೆ ಅಂದರೆ ಎದುರು ಮನೆಯವರ ಕೈ ಕುಲುಕಬಹುದು. ಒಳಗೆಲ್ಲ ಹೊಲಿಗೆ ಘಟಕಗಳು. ರಸ್ತೆ ಬದಿ ಮಾಲೀಕರು ಕೈಯಲ್ಲಿ ಒಂದೊಂದು ಅಂಗಿ ಹಿಡಿದು ನಿಂತಿರ್ತಾರೆ. ಹೊಲಿಯುವವರು ಬಂದು ಅಂಗಿಯನ್ನು ಒಳಹೊರಗೆ ತಿರುಗಿಸಿ, ಹೊಲಿಗೆ ಎಣಿಸಿ, ಒಂದು ಪೀಸಿಗೆ ಎಷ್ಟು ಅಂತ ಚೌಕಾಸಿ ಮಾಡ್ತಾರೆ. ಒಪ್ಪಿದರೆ ಒಳಗೆ ಹೋಗ್ತಾರೆ, ಇಲ್ಲದಿದ್ದರೆ ಮುಂದಿನ ಅಂಗಿ.

ಅಕ್ಕ ಅಲ್ಲೇ ನಿಂತುಬಿಟ್ಟಳು. ಅವಳ ವಯಸ್ಸಿನ ಒಬ್ಬ ಹೆಂಗಸು ಒಂದು ಟಾಪ್ ನೋಡಿ, ಕಂಕುಳ ಹೊಲಿಗೆ ತೋರಿಸಿ ಏನೋ ಹೇಳಿ ತಲೆಯಾಡಿಸಿ ಹೊರಟಳು. ‘ಕಂಕುಳಲ್ಲಿ ಕೆಲಸ ಜಾಸ್ತಿ, ಆ ರೇಟಿಗೆ ಆಗಲ್ಲ ಅಂದಳು’ ಅಂತ ಅಕ್ಕ ನನಗೆ ವಿವರಿಸಿದಳು. ಭಾಷೆ ಗೊತ್ತಿಲ್ಲದಿದ್ದರೂ ಅವಳಿಗೆ ಅನುವಾದ ಬೇಕಾಗಲಿಲ್ಲ.

ಶುಂಠಿ ಹಾಲಿನ ಮುಂದೆ ಲೆಕ್ಕ

ಮೂರನೇ ದಿನ ಸುತ್ತಾಟ. ಹುವಾಲಿನ್ ದೇವಾಲಯಕ್ಕೆ ಹೋದೆವು. ದಕ್ಷಿಣ ಭಾರತದಿಂದ ಸಮುದ್ರ ದಾಟಿ ಬಂದ ಬೋಧಿಧರ್ಮ ದಡ ಹತ್ತಿದ್ದು ಇಲ್ಲೇ ಅನ್ನೋದು ನಂಬಿಕೆ. ಗುಡಿಯ ಸುತ್ತಲೂ ಈಗ ಹಸಿರು ಜೇಡ್ ಕಲ್ಲಿನ ಬಳೆ, ಪದಕ ಮಾರುವ ಅಂಗಡಿಗಳು. ಅಸಲಿ ನಕಲಿ ಗೊತ್ತಾಗದವರು ಅಲ್ಲಿ ನೋಡಿ ಬರೋದು ವಾಸಿ. ಸಂಜೆ ಬೀಜಿಂಗ್ ರಸ್ತೆಯಲ್ಲಿ ಕಾಲ ಕೆಳಗಿನ ಗಾಜಿನಡಿ ಹಳೆಯ ಕಾಲದ ರಸ್ತೆಗಳ ಪದರಗಳನ್ನು ಕಂಡೆವು. ಹಳೇ ರಸ್ತೆ, ಅದರ ಮೇಲೆ ರಸ್ತೆ, ಅದರ ಮೇಲೆ ನಮ್ಮ ಚಪ್ಪಲಿ.

ಆ ರಾತ್ರಿ ಒಂದು ಅಂಗಡಿಯಲ್ಲಿ ಶುಂಠಿ ಹಾಲು ತಗೊಂಡೆವು. ಶುಂಠಿ ರಸದ ಮೇಲೆ ಬಿಸಿ ಹಾಲು ಹುಯ್ದರೆ ಅದು ಹಾಗೇ ಹೆಪ್ಪುಗಟ್ಟುತ್ತೆ. ಬಾಯಲ್ಲಿಟ್ಟರೆ ಥೇಟ್ ಗಿಣ್ಣು, ಗಂಟಲಿಗೆ ಖಾರ. ಅಕ್ಕ ಬಿಲ್ಲಿನ ಹಿಂಭಾಗದಲ್ಲಿ ಲೆಕ್ಕ ಬರೆದಳು. ಲೇಸಿನ ಬೆಲೆ, ಕನಿಷ್ಠ ರೋಲು, ಸಾಗಣೆ, ಸುಂಕ, ಜಿಎಸ್‌ಟಿ. ವ್ಯಾಪಾರಕ್ಕೆ ತರಿಸಬೇಕಾದರೆ ಆಮದು-ರಫ್ತು ಕೋಡ್ ಮಾಡಿಸಬೇಕು, ಸೂಟ್‌ಕೇಸಿನಲ್ಲಿ ತುಂಬಿ ತರುವ ಮಾತಲ್ಲ. ಮೂರು ಲಕ್ಷಕ್ಕೆ ಬರೋದು ಏಳೆಂಟು ಬಣ್ಣ. ಮುಂದಿನ ವರ್ಷ ಆ ಬಣ್ಣ ಯಾರಿಗೂ ಬೇಡವಾದರೆ?

ಇನ್ನೊಂದು ಕಡೆ ಚಿಕ್ಕಪೇಟೆ. ಹತ್ತು ಮೀಟರ್ ಕೇಳಿದರೆ ಹತ್ತೇ ಕತ್ತರಿಸಿ ಕೊಡ್ತಾರೆ. ದೀಪಾವಳಿವರೆಗೆ ಸಾಲ. ಬಣ್ಣ ಬಿಟ್ಟರೆ ವಾಪಸ್. ‘ನಾನು ಕೊಡ್ತಿರೋ ಹೆಚ್ಚಿನ ದುಡ್ಡು ಲೇಸಿಗಲ್ಲ ಕಣೇ, ಆ ಹತ್ತು ಮೀಟರಿಗೆ’ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಗಲ್ಲೀಲಿ ಸಾವಿರ ಜನಕ್ಕೆ ಒಂದೇ ಅಂಗಿ ಹೊಲೀತಾರೆ. ನಾನು ಒಬ್ಬಳಿಗೆ ಒಂದು ಹೊಲಿಯೋಳು. ನಂದು ಲೇಸಿನ ವ್ಯಾಪಾರ ಅಲ್ಲ, ಅಳತೆಯ ವ್ಯಾಪಾರ’ ಅಂದಳು.

ಆರ್ಡರ್ ಕೊಡಲಿಲ್ಲ. ನಾವು ತಂದದ್ದು ಅಮ್ಮನಿಗೊಂದು ಶಾಲು, ಹುಡುಗಿಯರಿಗೆ ಎರಡು ಒಳ್ಳೆ ಕತ್ತರಿ, ಒಂದು ಚೀಲದ ತುಂಬ ಸ್ಯಾಂಪಲ್ ಕಾರ್ಡು. ಚೀಟಿ ದುಡ್ಡಿನಲ್ಲಿ ನಾಲ್ಕನೇ ಮಷೀನು ಬಂತು, ಮೂರನೇ ಹುಡುಗಿಯೂ ಬಂದಳು. ಕಾರ್ಡುಗಳನ್ನು ಅಕ್ಕ ಚಿಕ್ಕಪೇಟೆಗೆ ಒಯ್ದು ಅಂಗಡಿಯವರ ಮುಂದೆ ಹರಡಿದಳಂತೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, ‘ಈ ಮೂರು ಡಿಸೈನ್ ಮುಂದಿನ ಲೋಡಿಗೆ ತರಿಸ್ತೀನಮ್ಮ. ಮೊದಲ ರೋಲು ನಿಮಗೇ’ ಅಂದರಂತೆ.