ಪಾಂಡವರ ಒಲೆಯಿಂದ ಕಂಬದಹಳ್ಳಿವರೆಗೆ: ಮಂಡ್ಯ ಸೀಮೆಯಲ್ಲಿ ಒಂದು ದಿನ

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಮಂಡ್ಯ ಜಿಲ್ಲೆ ಅಂದ್ರೆ ಮೈಸೂರಿಗೆ ಹೋಗೋ ದಾರಿ, ಅಷ್ಟೇ. ಮೊದಲಾದರೂ ಮದ್ದೂರಿನಲ್ಲಿ ವಡೆಗೆ, ಚನ್ನಪಟ್ಟಣದಲ್ಲಿ ಗೊಂಬೆಗೆ ಗಾಡಿ ನಿಲ್ಲಿಸುತ್ತಿದ್ದೆವು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಅದೂ ಹೋಯಿತು. ಊರುಗಳೆಲ್ಲ ಪಕ್ಕಕ್ಕೆ ಸರಿದು ಬರೀ ಬೋರ್ಡ್‌ಗಳಾಗಿ ಉಳಿದಿವೆ.

ಆ ಬೋರ್ಡ್‌ಗಳಲ್ಲಿರುವ ನಾಲ್ಕು ತಾಲ್ಲೂಕುಗಳನ್ನು, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲವನ್ನು, ಒಂದೇ ದಿನದಲ್ಲಿ ಸುತ್ತಿ ಬರಬಹುದು. ನಾವು ನಾಲ್ಕು ಜನ ಕೊಲೀಗ್‌ಗಳು ಒಂದು ಕ್ಯಾಬ್, ಒಬ್ಬರು ಗೈಡ್ ಮಾಡಿಕೊಂಡು ಜನವರಿಯ ಒಂದು ಶನಿವಾರ ಹೊರಟೆವು. ಗೈಡ್ ಪಾಂಡವಪುರ ಕಡೆಯವರು, ಐವತ್ತರ ಆಸುಪಾಸು, ಇತಿಹಾಸದಲ್ಲಿ ಎಂ.ಎ. ಮಾಡಿದವರು. ಶ್ರೀರಂಗಪಟ್ಟಣದಲ್ಲಿ ಗಾಡಿ ಹತ್ತಿದ ತಕ್ಷಣ ಒಂದು ಕೆಲಸ ಕೊಟ್ಟರು. “ಯಾವ ರಾಜ ಕಟ್ಟಿಸಿದ, ಎಷ್ಟನೇ ಶತಮಾನ ಅನ್ನೋದನ್ನ ಗೂಗಲ್ ಹೇಳುತ್ತೆ. ನೀವು ಪ್ರತಿ ಜಾಗದಲ್ಲೂ ಒಂದು ಪ್ರಶ್ನೆ ಕೇಳ್ಕೊಳ್ಳಿ. ಇದನ್ನ ಇಲ್ಲೀವರೆಗೆ ಉಳಿಸಿದ್ದು ಯಾರು?”

ನಡೆದು ಹೋದ ಕಟ್ಟಡ

ಶ್ರೀರಂಗಪಟ್ಟಣದಲ್ಲಿ ನೋಡಲಿಕ್ಕೆ ಬೇಕಾದಷ್ಟಿದೆ. ಕ್ರಿ.ಶ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದ ಎನ್ನುವ ರಂಗನಾಥಸ್ವಾಮಿ ದೇವಾಲಯ, 1784ರ ದರಿಯಾ ದೌಲತ್, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ. ಇವನ್ನೆಲ್ಲ ಶಾಲೆ ಟೂರಿನಲ್ಲೇ ನೋಡಿದ್ದೆವು. ಹಾಗಾಗಿ ರಂಗನಾಥನಿಗೆ ಕೈಮುಗಿದು, ಗೈಡ್ ಕರೆದುಕೊಂಡು ಹೋದ ಕಡೆ ಹೋದೆವು. ಅದು ರೈಲು ಹಳಿಯ ಪಕ್ಕ ಇರುವ, ಟಿಪ್ಪು ಕಾಲದ ಒಂದು ಮದ್ದಿನ ಮನೆ. ದಪ್ಪ ಗೋಡೆ, ಅಲಂಕಾರವಿಲ್ಲದ ಕಟ್ಟಡ. ಫೋಟೋಗೆ ಪೋಸ್ ಕೊಡೋ ಜಾಗವಂತೂ ಅಲ್ಲ.

ಆದರೆ ಇಂಜಿನಿಯರ್‌ಗಳಾದ ನಮಗೆ ಆ ದಿನದ ಮೊದಲ ಅಚ್ಚರಿ ಇಲ್ಲೇ ಸಿಕ್ಕಿತು. ಬೆಂಗಳೂರು-ಮೈಸೂರು ಜೋಡಿ ಹಳಿ ಹಾಕುವಾಗ ಈ ಕಟ್ಟಡ ನೇರ ಅಡ್ಡ ಬಂತು. ಕೆಡವುವಂತಿಲ್ಲ, ಹಳಿಯನ್ನು ಬಗ್ಗಿಸಲೂ ಜಾಗವಿಲ್ಲ. ಕೊನೆಗೆ 2017ರಲ್ಲಿ ಬುಡಕ್ಕೆ ಉಕ್ಕಿನ ತೊಲೆಗಳನ್ನು ಕೊಟ್ಟು, ಜಾಕ್‌ಗಳಿಂದ ಎತ್ತಿ, ಸುಮಾರು ಸಾವಿರ ಟನ್ ತೂಕದ ಇಡೀ ಕಟ್ಟಡವನ್ನು ನೂರು ಮೀಟರ್‌ಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಇವತ್ತು ಆ ಹಳಿ ಮೇಲೆ ಹೋಗುವ ರೈಲಿನಲ್ಲಿ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಉದಾಹರಣೆ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ. ಕೆ.ಆರ್.ಎಸ್. ಕಟ್ಟಿದಾಗ ಊರಿನ ಜೊತೆಗೇ ಮುಳುಗಿದ ಹೊಯ್ಸಳರ ಕಾಲದ ಗುಡಿ. ದಶಕಗಳ ನಂತರ ಖೋಡೇಸ್ ಪ್ರತಿಷ್ಠಾನ ಅದರ ಕಲ್ಲುಗಳನ್ನು ಬಿಡಿಸಿ ತಂದು, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿತು.

“ಮನಸ್ಸು ಮಾಡಿದ್ರೆ ಏನನ್ನು ಬೇಕಾದ್ರೂ ಉಳಿಸ್ಕೊಳ್ಳೋ ತಾಕತ್ತು ನಮಗಿದೆ. ಅದನ್ನ ತೋರ್ಸೋಕೇ ಇಲ್ಲಿಂದ ಶುರು ಮಾಡ್ದೆ. ಈಗ ಇನ್ನೊಂದು ತರದ್ದು ನೋಡೋಣ ಬನ್ನಿ” ಎಂದರು ಗೈಡ್.

ಕಬ್ಬಿನ ಗದ್ದೆ ದಾಟಿದರೆ

ಪಾಂಡವಪುರಕ್ಕೆ ಎರಡು ಹಳೆಯ ಹೆಸರುಗಳಿವೆ. ಒಂದು ಹಿರೋಡೆ. ಇನ್ನೊಂದು ಫ್ರೆಂಚ್ ರಾಕ್ಸ್. ಹೈದರ್-ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ ಬಂದದ್ದು. ಈಗಿನ ಹೆಸರಿನ ಹಿಂದಿರುವುದು ಕುಂತಿ ಬೆಟ್ಟ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು, ಕುಂತಿಗೆ ಈ ಜಾಗ ಇಷ್ಟವಾಯಿತು ಅನ್ನೋದು ಊರವರ ಕತೆ. ಚಾರಣಕ್ಕೆ ಬಂದವರ ಬೈಕುಗಳ ಸಾಲು ದಾಟಿ, ಬೆಟ್ಟವನ್ನು ಕೆಳಗಿಂದಲೇ ನೋಡಿಕೊಂಡು ಕೆರೆ ತೊಣ್ಣೂರಿಗೆ ಹೋದೆವು. ರಾಮಾನುಜಾಚಾರ್ಯರ ನೆನಪಿರುವ ಊರು, ದೋರಸಮುದ್ರ ಬಿದ್ದ ಮೇಲೆ ಹೊಯ್ಸಳರಿಗೆ ಕೆಲಕಾಲ ಆಸರೆಯಾದ ಊರು. ಕೆರೆಯ ನೀರು ಎಷ್ಟು ತಿಳಿ ಅಂದರೆ ಅದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅನ್ನೋ ಹೆಸರೂ ಬಿದ್ದಿದೆ. ನಂಬಿನಾರಾಯಣನ ಗುಡಿಯಲ್ಲಿ ಬಿಸಿ ಪೊಂಗಲ್ ಸಿಕ್ಕಿತು.

ಅಲ್ಲಿಂದ ಮುಂದೆ ಗೈಡ್ ಗೂಗಲ್ ಮ್ಯಾಪ್ ಆಫ್ ಮಾಡಿಸಿದರು. ಕಬ್ಬಿನ ಗದ್ದೆ ನಡುವಿನ ಮಣ್ಣು ದಾರಿಯಲ್ಲಿ ಹೋಗಿ, ಬಂಡೆ ಗುಡ್ಡದ ಬುಡದಲ್ಲಿ ರಾಗಿ ಕೊಯ್ದಿದ್ದ ಒಂದು ಹೊಲಕ್ಕೆ ಬಂದೆವು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಹೊಲದ ಒಂದು ಮೂಲೆಯಲ್ಲಿ ಸೊಂಟದೆತ್ತರದ ಗುಂಡುಕಲ್ಲುಗಳು ವೃತ್ತಾಕಾರದಲ್ಲಿ ಕೂತಿದ್ದವು. ಒಂದಲ್ಲ, ಮೂರು ವೃತ್ತ. ಒಂದರ ನಡುವೆ ದಪ್ಪ ಚಪ್ಪಡಿಯೊಂದು ಅರ್ಧ ಮಣ್ಣಿನಿಂದ ಮೇಲೆದ್ದಿತ್ತು. ಹೊಲದ ಯಜಮಾನರು, ಎಪ್ಪತ್ತು ದಾಟಿದವರು, ಬದುವಿನ ಮೇಲೆ ಕೂತಿದ್ದರು. “ನಮ್ ತಾತ್ನ ಕಾಲ್ದಿಂದ್ಲೂ ಇಂಗೇ ಅವೆ ಕನಪ್ಪ. ಪಾಂಡವ್ರು ವನವಾಸಕ್ ಬಂದಾಗ ಒಲೆ ಊಡಿದ್ರಂತೆ” ಎಂದರು.

ಗೈಡ್ ಅವರ ಮಾತನ್ನು ತಳ್ಳಿಹಾಕಲಿಲ್ಲ. “ಅಜ್ಜ ಹೇಳೋದ್ರಲ್ಲಿ ಒಂದು ಸತ್ಯ ಇದೆ. ಇದು ನಮ್ಮ ತಾತ ಮುತ್ತಾತಂದಿರ ನೆನಪಿಗೂ ಮೀರಿದ್ದು ಅಂತ ಜನಕ್ಕೆ ಗೊತ್ತಿತ್ತು. ಅದಕ್ಕೇ ಪಾಂಡವರ ಹೆಸರು ಹೇಳಿದ್ರು” ಎಂದು ವಿವರಿಸಿದರು. ಇವು ಒಲೆಗಳಲ್ಲ, ಸಮಾಧಿಗಳು. ಬೃಹತ್ ಶಿಲಾ ಸಂಸ್ಕೃತಿಯ ಶಿಲಾವೃತ್ತಗಳು. ಕಬ್ಬಿಣ ಬಳಸಲು ಕಲಿತ ಜನ ಸತ್ತವರಿಗಾಗಿ ನೆಲದಲ್ಲಿ ಚಪ್ಪಡಿಗಳ ಪೆಟ್ಟಿಗೆಯಂಥ ಕೋಣೆ ಮಾಡಿ, ಮೂಳೆಗಳ ಜೊತೆ ಮಡಕೆ, ಕಬ್ಬಿಣದ ಹತಾರ ಇಟ್ಟು, ಮೇಲೊಂದು ಬಂಡೆ ಮುಚ್ಚಿ, ಸುತ್ತ ಕಲ್ಲು ಜೋಡಿಸುತ್ತಿದ್ದರು. ಕೆಲವು ಕಡೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೂ ಇರುತ್ತದೆ. ದಕ್ಷಿಣದಲ್ಲಿ ಇಂಥ ಸಮಾಧಿಗಳ ಕಾಲ ಸ್ಥೂಲವಾಗಿ ಮೂರು ಸಾವಿರ ವರ್ಷದಿಂದ ಎರಡು ಸಾವಿರ ವರ್ಷದ ಹಿಂದಿನದು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿ, ಈ ಸಂಸ್ಕೃತಿಗಳು ಒಂದರ ಮೇಲೊಂದು ಬಂದ ಕ್ರಮವನ್ನು ಗುರುತಿಸಿದರು. ಕಾವೇರಿಯಲ್ಲೇ ಕೆಳಗೆ ಹೋದರೆ ತಿ. ನರಸೀಪುರದಲ್ಲಿ ಇದಕ್ಕೂ ಹಿಂದಿನ ನವಶಿಲಾಯುಗದ ನೆಲೆ ಸಿಕ್ಕಿದೆ.

ನೇಗಿಲಿಗೆ ಸಿಕ್ಕಿ ಮೇಲೆ ಬಂದಿದ್ದ ಒಂದು ಮಡಕೆ ಚೂರನ್ನು ಗೈಡ್ ಬಗ್ಗಿ ತೋರಿಸಿದರು, ಎತ್ತಿಕೊಳ್ಳಲಿಲ್ಲ. ಒಳಗೆ ಕಪ್ಪು, ಹೊರಗೆ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿ ಆಡದೆ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಗೂಡಿನೊಳಗಿನ ಗಾಳಿಯ ಲೆಕ್ಕ ಗೊತ್ತಿದ್ದ ಕುಂಬಾರ ಆವತ್ತೇ ಇದ್ದ.

ಈಗ ಊರಿನ ಹೆಸರು ಯಾಕೆ ಬರೆದಿಲ್ಲ ಅನ್ನೋದಕ್ಕೆ ಬರುತ್ತೇನೆ. ಮೂರನೇ ವೃತ್ತದ ನಡುವೆ ಆಳೆತ್ತರದ ಗುಂಡಿ ಇತ್ತು. ಅಮಾವಾಸ್ಯೆ ರಾತ್ರಿ ನಿಧಿ ಆಸೆಗೆ ಯಾರೋ ಅಗೆದದ್ದು. ನಿಂಬೆಹಣ್ಣು, ಕುಂಕುಮ ಎಲ್ಲ ಬಿದ್ದಿತ್ತಂತೆ. ಒಳಗೆ ಸಿಗೋದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ. ಒಂದು ಸಲ ಕೆದಕಿದ ಮೇಲೆ ಮಣ್ಣಿನ ಪದರ ಕಲಸಿಹೋಗಿ ಪುರಾತತ್ವದವರಿಗೂ ಏನೂ ಹೇಳಲು ಉಳಿಯುವುದಿಲ್ಲ.

ಇನ್ನೊಂದು ಅಪಾಯ ಮನೆಯೊಳಗಿನದು. “ಮಗ ಜೆಸಿಬಿ ಕರ್ಸಿ ಇವ್ನೆಲ್ಲ ಎತ್ತಾಕ್ಸಿ ತೆಂಗು ಆಕಾನ ಅಂತಾನೆ. ಅವ್ನ್ ಏಳೋದೂ ತಪ್ಪಲ್ಲ. ಈ ಮೂಲೇಲಿ ಏನ್ ಬೆಳ್ಯಾಕಾಯ್ತದೆ?” ಎಂದರು ಅಜ್ಜ. ಸರ್ಕಾರಕ್ಕೆ ತಿಳಿಸಬಹುದಲ್ಲ ಅಂತ ನಾನು ಕೇಳಿದೆ. “ಗೊತ್ತಾದ್ರೆ ಜಮೀನೇ ಕಿತ್ಕತಾರೆ ಅಂತ ಎಲ್ರೂ ಎದ್ರಿಸ್ತಾರೆ” ಎಂದರು.

ಆ ಹೆದರಿಕೆ ಅರ್ಧ ಸರಿ, ಅರ್ಧ ತಪ್ಪು. ಸ್ಮಾರಕ ಕೇಂದ್ರದ ರಕ್ಷಣೆಗೆ ಬಂದ ಮಾತ್ರಕ್ಕೆ ಜಮೀನಿನ ಒಡೆತನ ಹೋಗುವುದಿಲ್ಲ. ಒಂದಡಿಗಿಂತ ಆಳ ಅಗೆಯದ ಬೇಸಾಯಕ್ಕೆ 1958ರ ಕಾನೂನೇ ಅವಕಾಶ ಕೊಡುತ್ತದೆ. ಅಂದರೆ ರಾಗಿ, ಹುರುಳಿ ಬೆಳೆಯಬಹುದು, ತೆಂಗಿನ ಗುಂಡಿ ತೋಡುವಂತಿಲ್ಲ. ಜೊತೆಗೆ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಮಗನಿಗೆ ಮನೆ ಕಟ್ಟಿಕೊಡಬೇಕೆಂದಿರುವ ರೈತ ಯಾಕೆ ಹಿಂಜರಿಯುತ್ತಾನೆ ಅಂತ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಗೈಡ್ ಕಂಡುಕೊಂಡಿರುವ ದಾರಿ ಸಣ್ಣದು. ಟ್ರಿಪ್ ಬಂದಾಗಲೆಲ್ಲ ಊಟ ಈ ಅಜ್ಜನ ಮನೆಯಲ್ಲಿ, ದುಡ್ಡು ನೇರ ಅಜ್ಜಿಯ ಕೈಗೆ. ಅವತ್ತು ನಮಗೆ ಬಿಸಿ ಮುದ್ದೆ, ಉಪ್ಸಾರು, ಪಕ್ಕದಲ್ಲಿ ಅರೆದ ಖಾರ. “ನಿಮ್ಮಂಥೋರು ಬತ್ತಾ ಇದ್ರೆ ಮಗಂಗೆ ಏಳ್ಬೋದು, ಇರ್ಲಿ ಬುಡ್ಲಾ ಅಂತ” ಎನ್ನುತ್ತಾ ಅಜ್ಜಿ ಇನ್ನೊಂದು ಮುದ್ದೆ ಇಟ್ಟರು. ಮೂರು ಸಾವಿರ ವರ್ಷದ ಸಮಾಧಿಯೊಂದು ವಾರಕ್ಕೊಂದು ಊಟದ ಲೆಕ್ಕದ ಮೇಲೆ ನಿಂತಿದೆ.

ಹೊಲದಿಂದ ಹೊರಡುವಾಗ ದೂರದಲ್ಲಿ ಕ್ವಾರಿ ಕೊರೆದ ಗುಡ್ಡವೊಂದು ಕಂಡಿತು. ಅಣೆಕಟ್ಟೆಯ ಸುರಕ್ಷತೆಗಾಗಿ 2024ರ ಜನವರಿಯಲ್ಲಿ ಹೈಕೋರ್ಟ್ ಕೆ.ಆರ್.ಎಸ್. ಸುತ್ತಲಿನ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಆ ಚರ್ಚೆಯೆಲ್ಲ ಅಣೆಕಟ್ಟೆಯದ್ದು. ಇಂಥ ಗುಡ್ಡಗಳ ಬುಡದಲ್ಲಿ ಮಲಗಿರುವ ಹಳಬರ ಬಗ್ಗೆ ಮಾತಾಡುವವರು ಕಡಿಮೆ.

ಬಳಪದ ಕಲ್ಲಿನ ಊರುಗಳು

ಕೆ.ಆರ್. ಪೇಟೆಗೆ ಅಂಟಿಕೊಂಡೇ ಇದೆ ಹೊಸಹೊಳಲು. ಇಲ್ಲಿನ ಲಕ್ಷ್ಮೀನಾರಾಯಣ ದೇವಾಲಯ ಸುಮಾರು 1250ರದ್ದು, ಹೊಯ್ಸಳ ಸೋಮೇಶ್ವರನ ಕಾಲ. ನಕ್ಷತ್ರಾಕಾರದ ಜಗತಿ, ಗೋಡೆಯ ಬುಡದಲ್ಲಿ ಸಾಲು ಸಾಲಾಗಿ ಆನೆ, ಕುದುರೆ, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ. ರಾಮಾಯಣದ ಸಾಲನ್ನು ಕಾಮಿಕ್ಸ್ ಓದಿದ ಹಾಗೆ ಒಂದೊಂದೇ ಫ್ರೇಮ್ ನೋಡುತ್ತಾ ಸುತ್ತು ಹಾಕಬಹುದು. ಇಷ್ಟು ಕುಸುರಿ ಸಾಧ್ಯವಾಗಿದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ ಮಾತ್ರ. ಹೊಸಹೊಳಲು ಸದ್ಯಕ್ಕೆ ಊರವರದ್ದು ಮತ್ತು ಪುರಾತತ್ವ ಇಲಾಖೆಯದ್ದು.

ಮುಂದೆ ಕಿಕ್ಕೇರಿ. ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದೂರು. ಇಲ್ಲಿನ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದ್ದು ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು. ಅಲ್ಲಿಂದ ಸ್ವಲ್ಪ ದೂರದ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ, ಒಂದೇ ಉದ್ದನೆಯ ಮಂಟಪಕ್ಕೆ ತೆರೆದುಕೊಂಡಿವೆ. ಪಂಚಲಿಂಗೇಶ್ವರ ಅಂತಾರೆ. ದ್ವಾರಪಾಲಕರ ಪೀಠದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕೆತ್ತಿದೆ. 1268ರ ಸೋಮನಾಥಪುರದಲ್ಲೂ ದುಡಿದ ಶಿಲ್ಪಿ. “ಕೋಡ್‌ನಲ್ಲಿ ಕಾಮೆಂಟ್ ಬರೆಯೋಕೆ ನಮಗೆ ಸೋಮಾರಿತನ, ಈ ಪುಣ್ಯಾತ್ಮ ಕಲ್ಲಲ್ಲಿ ಬರ್ದಿದಾನೆ” ಎಂದ ನನ್ನ ಕೊಲೀಗ್.

ಇಂಥ ಕಡೆ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದೇ ದೊಡ್ಡ ಮಾಹಿತಿ. ಗೈಡ್ ಹಿಂದಿನ ದಿನವೇ ಫೋನ್ ಮಾಡಿದ್ದರಿಂದ ಎಲ್ಲ ಕಡೆ ಬಾಗಿಲು ತೆರೆದಿತ್ತು.

ಕಂಬ ಇರುವ ಹಳ್ಳಿ

ಶ್ರವಣಬೆಳಗೊಳದ ಕಡೆಯಿಂದ ನಾಗಮಂಗಲ ತಾಲ್ಲೂಕಿಗೆ ದಾಟಿ ಕಂಬದಹಳ್ಳಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಊರಿಗೆ ಹೆಸರು ಕೊಟ್ಟ ಕಂಬ ಬಸದಿಯ ಮುಂದೆಯೇ ನಿಂತಿದೆ, ತುದಿಯಲ್ಲಿ ಬ್ರಹ್ಮ ಯಕ್ಷ. ಪಂಚಕೂಟ ಬಸದಿ ಗಂಗರ ಕಾಲದ್ದು, ಸುಮಾರು ಸಾವಿರ ವರ್ಷ ಹಳೆಯದು. ಇಲ್ಲಿ ಬಳಪದ ಕಲ್ಲಿಲ್ಲ, ಗಟ್ಟಿ ಗ್ರಾನೈಟ್. ಅದಕ್ಕೇ ಕುಸುರಿ ಕಡಿಮೆ, ಆಕಾರದ್ದೇ ಚೆಲುವು. ಶಿಖರಗಳು ಒಂದು ಚೌಕ, ಒಂದು ಎಂಟು ಮೂಲೆ, ಒಂದು ದುಂಡು. ದೇವಾಲಯ ಕಟ್ಟುವ ಬೇರೆ ಬೇರೆ ಬಗೆಗಳನ್ನು ಒಂದೇ ಅಂಗಳದಲ್ಲಿ ಮಾಡಿ ತೋರಿಸಿದ ಹಾಗಿದೆ. ಒಳಗಿನ ಚಾವಣಿಯ ದಿಕ್ಪಾಲಕರನ್ನು ಮೊಬೈಲ್ ಟಾರ್ಚ್‌ನಲ್ಲಿ ಅಲ್ಲ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು ನೋಡಬೇಕು.

ಕೊನೆಗೆ ನಾಗಮಂಗಲದ ಸೌಮ್ಯಕೇಶವ. ಹೊಯ್ಸಳರ ಕಾಲದ ಗುಡಿ, ಮುಂದೆ ಆಮೇಲಿನವರು ಸೇರಿಸಿದ ಎತ್ತರದ ಗೋಪುರ. ಸಂಜೆ ಪೂಜೆಗೆ ಊರಿನ ಹೆಂಗಸರು, ಹೋಂವರ್ಕ್ ಮುಗಿಸಿ ಬಂದ ಮಕ್ಕಳು. ಇದನ್ನು ಉಳಿಸಿದ್ದು ಯಾರು ಅಂತ ಕೇಳಬೇಕಾಗಿಯೇ ಇರಲಿಲ್ಲ.

ಗೈಡ್ ಕೊಟ್ಟ ಪ್ರಶ್ನೆಗೆ ಅವತ್ತು ಸಿಕ್ಕ ಉತ್ತರಗಳು ಇವು: ರೈಲ್ವೆ, ಒಂದು ಪ್ರತಿಷ್ಠಾನ, ಇಲಾಖೆ, ಬೀಗದ ಕೈ ಇಟ್ಟುಕೊಂಡವರು, ದಿನಾ ದೀಪ ಹಚ್ಚುವವರು. ದೇವರಿದ್ದರೆ ಭಕ್ತರು ಕಾಯುತ್ತಾರೆ, ರಾಜನ ಹೆಸರಿದ್ದರೆ ಸರ್ಕಾರ ಕಾಯುತ್ತದೆ. ಎರಡೂ ಇಲ್ಲದ ಆ ಹೊಲದ ಕಲ್ಲುಗಳಿಗೆ ಇರುವುದು ಒಬ್ಬ ಅಜ್ಜ, ಒಬ್ಬ ಅಜ್ಜಿ, ಆಗೊಮ್ಮೆ ಈಗೊಮ್ಮೆ ಹೋಗುವ ನಾವು.

ಹೋಗುವವರಿಗೆ

ಬೆಳಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟರೆ ನಾಗಮಂಗಲ ಮುಗಿಸಿ ಬೆಳ್ಳೂರು ಕ್ರಾಸ್ ಮೂಲಕ ರಾತ್ರಿ ಹತ್ತರೊಳಗೆ ವಾಪಸ್. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ನಾಲ್ಕು ಜನ ಹಂಚಿಕೊಂಡರೆ ಕ್ಯಾಬ್, ಗೈಡ್ ಎಲ್ಲ ಸೇರಿ ಒಂದು ವೀಕೆಂಡ್ ಮಾಲ್ ಸುತ್ತಿದ ಖರ್ಚು. ಸ್ಥಳೀಯರನ್ನೇ ಗೈಡ್ ಮಾಡಿಕೊಳ್ಳಿ, ಊಟ ಹಳ್ಳಿಯಲ್ಲೇ ಮಾಡಿ. ಕಲ್ಲು ಮಧ್ಯಾಹ್ನ ಕಾದಿರುತ್ತದೆ, ಬರಿಗಾಲಲ್ಲಿ ನಡೆಯಲು ಕಾಲುಚೀಲ ಇರಲಿ. ಹೊಲದಲ್ಲಿ ಮಡಕೆ ಚೂರು ಕಂಡರೆ ಅಲ್ಲೇ ಬಿಡಿ. ಫೋಟೋ ಹಾಕಿ, ಲೊಕೇಶನ್ ಮಾತ್ರ ಹಾಕಬೇಡಿ. ನಿಮ್ಮೂರ ಹೊಲದಲ್ಲೂ ಪಾಂಡವರ ಹೆಸರಿನ ಕಲ್ಲುಗಳಿದ್ದರೆ, ಜೆಸಿಬಿ ಬರುವ ಮೊದಲು ಒಂದು ಸಲ ಹೋಗಿ ನೋಡಿ. ಹೊಲದ ಯಜಮಾನರ ಜೊತೆ ಕೂತು ಮಾತಾಡಿ.