ನಾಲ್ಕು ಊರು, ಒಂದು ಗಾದಿ

ಒಂದು ಗಾದಿಗಾಗಿ ನಾಲ್ಕು ಊರು ತಿರುಗಬೇಕೇನು ಎಂದು ನೀವು ನಗಬಹುದು. ನಮ್ಮ ಮನೆಯವರೂ ನಕ್ಕರು. ಆದರೆ ಒಮ್ಮೆ ಕೈ ಸುಟ್ಟುಕೊಂಡವಳು ನಾನು. ಹಾಲಿಗೂ ಊದಿ ಕುಡಿಯುತ್ತೇನೆ, ಮಜ್ಜಿಗೆಗೂ ಊದಿ ಕುಡಿಯುತ್ತೇನೆ.

ಆದದ್ದು ಇಷ್ಟು. ಐದು ವರ್ಷದ ಹಿಂದೆ ಭಿಶಿ ಹಣ ಕೈಗೆ ಬಂದಾಗ, ಮನೆ ಒಂದಿಷ್ಟು ಹೊಸದಾಗಿ ಕಾಣಲಿ ಎಂದು ಅತ್ತೆಯವರ ಹಳೆಯ ಹತ್ತಿಗಾದಿಯನ್ನು ಅಟ್ಟಕ್ಕೇರಿಸಿ, ಹೂ-ಬಳ್ಳಿ ಬಟ್ಟೆಯ ಫೋಮಿನ ಗಾದಿ ತಂದೆ. ಅಂಗಡಿಯವನು ಹತ್ತು ವರ್ಷದ ಮಾತಾಡಿದ್ದ. ಎರಡನೇ ವರ್ಷಕ್ಕೆ ನಡುವೆ ತಗ್ಗು ಬಿತ್ತು. ಅತ್ತೆಯವರು ಮಲಗಿದರೆ ತೊಟ್ಟಿಲಲ್ಲಿ ಮಲಗಿದ ಹಾಗೆ. ಬೇಸಿಗೆಯಲ್ಲಂತೂ ಬೆನ್ನಡಿ ಕಾವಲಿ! ಅವರು ಒಂದು ಮಾತು ಆಡಲಿಲ್ಲ. ಒಂದು ದಿನ ಬೆಳಗಿನ ಜಾವ ನೀರು ಕುಡಿಯಲು ಎದ್ದು ನೋಡಿದರೆ, ಎಪ್ಪತ್ತು ದಾಟಿದ ಹೆಣ್ಣುಮಗಳು ನೆಲದ ಮೇಲೆ ಚಾಪೆ ಹಾಸಿಕೊಂಡು, ಸೊಂಟದ ಕೆಳಗೆ ಸೀರೆ ಮಡಿಚಿಟ್ಟುಕೊಂಡು ಮಲಗಿದ್ದಾರೆ. ಎಷ್ಟು ತಿಂಗಳಿಂದ ಹೀಗೋ! ಕೇಳಿದರೆ, “ನೆಲಾನ ತಂಪ ಅನಸತೈತಿ ಬಿಡವ್ವಾ” ಎಂದರು. ಆ ಮಾತು ನನಗೆ ಚುಚ್ಚಿತು.

ನಮ್ಮದು ಬಸವನ ಬಾಗೇವಾಡಿ. ನಾದಿನಿಯ ಮನೆ ಇಂಡಿಯಲ್ಲಿ, ನನ್ನ ತವರು ಮುದ್ದೇಬಿಹಾಳದಲ್ಲಿ, ನಡುವೆ ಸಿಂದಗಿ. ನಾದಿನಿಯ ಮಗಳ ಮದುವೆ ಸಾಮಾನು ಕೊಳ್ಳಲು ಇಂಡಿಗೆ ಕರೆ ಬಂದದ್ದೇ ನೆಪವಾಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲವಲ್ಲ, ಖರ್ಚಿನ ಮಾತೂ ಬರಲಿಲ್ಲ. ಈ ಸಲ ಮಾತ್ರ ನೋಡಿ, ಕೇಳಿ, ಮುಟ್ಟಿ, ತೂಗಿಯೇ ತರುವುದು ಎಂದು ಹೊರಟೆ.

ಇಂಡಿಯೆಂದರೆ ಲಿಂಬೆ. ಬಸ್ಸು ಊರು ಸೇರುವ ಮೊದಲೇ ಅಲ್ಲಲ್ಲಿ ಹಸಿರು ತೋಟಗಳು ಕಾಣುತ್ತವೆ. ಪೇಟೆಯಲ್ಲಿ ಮದುವೆಗೆಂದೇ ಸಿದ್ಧವಾದ ಗಾದಿಗಳನ್ನು ಅಂಗಡಿಯ ಮುಂದೆ ಗೋಪುರದಂತೆ ಪೇರಿಸಿಟ್ಟಿದ್ದರು. ಮಿಂಚುವ ಕೆಂಪು, ನೀಲಿ ಬಟ್ಟೆ, ಒತ್ತಿದರೆ ಪುಸ್ ಎಂದು ಇಳಿಯುವ ಮೆತ್ತಗು. ನಾದಿನಿ, “ವೈನೀ, ಇದನ್ನ ತಗೊಂಡಬಿಡೋಣು, ಹತ್ತೀದೇ ಅಂತ” ಎಂದಳು. ನಾನು ಅಂಗಡಿಯವರಿಗೆ, “ಒಂದು ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ ತೋರಿಸ್ರಿ” ಎಂದೆ. ಅವರ ಮುಖ ಹುಳ್ಳಗಾಯಿತು. ಆದರೂ ಮದುವೆ ಗಿರಾಕಿ, ಬಿಚ್ಚಿದರು. ಒಳಗೆ ಬಿಳಿ ಅರಳೆಯ ಜತೆ ಕೆಂಪು, ಹಸಿರು, ಕಪ್ಪು ಎಳೆಗಳು. ಹಳೆ ಬಟ್ಟೆಯನ್ನು ಯಂತ್ರದಲ್ಲಿ ಚಿಂದಿ ಮಾಡಿ ತುಂಬಿದ್ದು.

ನೀವೂ ಹೀಗೆ ಬಿಚ್ಚಿಸಿ ನೋಡಿ, ನಾಚಿಕೆ ಬೇಡ. ಒಂದು ಚಿಟಿಕೆ ಅರಳೆ ತೆಗೆದು ಎರಡು ಕೈಯಿಂದ ಮೆಲ್ಲಗೆ ಜಗ್ಗಿ. ಎಳೆ ಎಳೆಯಾಗಿ ಹಿಡಿದುಕೊಂಡು ಬಂದರೆ ಒಳ್ಳೆಯದು. ಪುಡಿ ಉದುರಿ ತುಂಡಾದರೆ ಅದು ಗಿರಣಿಯಲ್ಲಿ ಉಳಿದ ಕಸ. ಇನ್ನೊಂದು ಚಿಟಿಕೆಯನ್ನು ಅಂಗಡಿಯ ಹೊರಗೆ ತಂದು ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಹುಡಿಯಾಗುವ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ, ಆರಿದ ಮೇಲೆ ಸಣ್ಣ ಗಟ್ಟಿ ಮಣಿಯಾಗಿ ಉಳಿಯುತ್ತದೆ. ನಾದಿನಿಯ ಕೈಯಲ್ಲಿ ಮಣಿ ಉಳಿಯಿತು. ಅವಳು ಸುಮ್ಮನೆ ನನ್ನ ಹಿಂದೆ ಬಂದಳು.

ಆಕೆಯ ಪಕ್ಕದ ಮನೆಯವರೇ ಸಿಂದಗಿಯ ಪಿಂಜಾರ ಕಾಕಾನ ಗುರುತು ಹೇಳಿದ್ದು. ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಎರೆಹೊಲ, ತೊಗರಿ, ಅಲ್ಲಲ್ಲಿ ಒಡೆದ ಹತ್ತಿ. ಈ ಹತ್ತಿಯನ್ನು ನೋಡಿ ‘ಇದನ್ನೇ ತುಂಬಿಸಿದರಾಯಿತು’ ಎಂದುಕೊಂಡಿದ್ದೆ ನಾನು. ಕಾಕಾ ತಲೆಯಾಡಿಸಿಬಿಟ್ಟರು.

“ಅಕ್ಕಾರ, ಸೀರೀಗೆ ಬ್ಯಾರೆ ಹತ್ತಿ, ಗಾದೀಗೆ ಬ್ಯಾರೆ ಹತ್ತಿ. ನಯಾ ಇದ್ದದ್ದು ನೂಲಾಕ ಚೊಲೋ. ಗಾದ್ಯಾಗ ಹಾಕಿದ್ರ ಒತ್ತಿ ಒತ್ತಿ ರೊಟ್ಟಿ ಆಗತೈತಿ. ಜವಾರಿ ಹತ್ತಿ ಒರಟ, ಗಿಡ್ಡ ಎಳಿ. ಒತ್ತಿದ್ರೂ ತಿರಗಿ ಏಳತೈತಿ.”

ಎಷ್ಟು ಸರಿಯಾದ ಮಾತು ನೋಡಿ. ಹಿಂದೆ ನಮ್ಮ ಎರೆಭೂಮಿಯಲ್ಲಿ ಬೆಳೆಯುತ್ತಿದ್ದದ್ದು ಜಯಧರದಂಥ ಗಿಡ್ಡ ಎಳೆಯ ಹತ್ತಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ವರಲಕ್ಷ್ಮಿ ಎಂಬ ಮಿಶ್ರತಳಿ ತಂದರು, 1981ರಲ್ಲಿ ಡಿ.ಸಿ.ಎಚ್. 32 ಬಂತು. ಇವು ಉದ್ದ ಎಳೆಯವು, ನಯವಾದ ನೂಲಿಗೆ ಹೇಳಿ ಮಾಡಿಸಿದವು. 2002ರ ಮೇಲೆ ಬಿ.ಟಿ. ಹತ್ತಿ ಹಬ್ಬಿತು. ರೈತನಿಗೆ ಇಳುವರಿ ಮುಖ್ಯ, ಅದು ತಪ್ಪಲ್ಲ. ಆದರೆ ಗಾದಿಗೆ ಬೇಕಾದ ಒರಟು ಹತ್ತಿಯನ್ನು ಈಗ ಹುಡುಕಿಕೊಂಡು ಹೋಗಬೇಕು.

ಕಾಕಾನ ಗೋಡೆಯ ಮೇಲೆ ಆಳುದ್ದದ ಬಿಲ್ಲು ತೂಗುಹಾಕಿತ್ತು. ಚಿಕ್ಕವಳಿದ್ದಾಗ ನಮ್ಮ ಅಂಗಳದಲ್ಲಿ ಅದರ ‘ಟಂಯ್ ಟಂಯ್’ ಕೇಳಿದರೆ ಓಡಿಹೋಗಿ ಹಾರುವ ಅರಳೆ ಹಿಡಿಯುತ್ತಿದ್ದೆವು, ತಲೆತುಂಬ ಬೆಳ್ಳಗೆ ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆವು. ಈಗ ಹಿಂಜುವುದು ಮೋಟಾರಿನ ಯಂತ್ರ. ಪಿಂಜಾರರನ್ನು ನದಾಫರೆಂದೂ ಕರೆಯುತ್ತಾರಲ್ಲ, ಅರಬ್ಬೀ ಭಾಷೆಯಲ್ಲಿ ನದ್ದಾಫ್ ಎಂದರೆ ಹತ್ತಿ ಹಿಂಜುವವನೇ. ಹೆಸರೇ ಕಸುಬು. “ನಮ್ಮ ಹುಡುಗ ಮುದ್ದೇಬಿಹಾಳದಾಗ ಫೋಮ್ ಮಾರತಾನ್ರಿ” ಎಂದು ಕಾಕಾ ನಕ್ಕರು. ನಗೆಯಲ್ಲಿ ಸಿಟ್ಟಿರಲಿಲ್ಲ, ಇದ್ದರೂ ನಮಗೆ ತೋರಿಸಲಿಲ್ಲ. ಬಿಲ್ಲನ್ನು ಮಾತ್ರ ಮಾರಿಲ್ಲವಂತೆ.

ಅವರು ಹೇಳಿದ ಲೆಕ್ಕ ಬರೆದುಕೊಂಡೆ. ಆರಡಿ ಉದ್ದ, ಮೂರಡಿ ಅಗಲದ ಒಬ್ಬರ ಗಾದಿಗೆ ಎಂಟರಿಂದ ಹತ್ತು ಕಿಲೋ ಅರಳೆ ಬೇಕು. ಆರು ಕಿಲೋ ಹಾಕಿ ಉಬ್ಬಿಸಿ ಕೊಟ್ಟರೆ ಎರಡು ತಿಂಗಳಲ್ಲಿ ಚಪ್ಪಟೆ. ಆದ್ದರಿಂದ ತುಂಬುವ ಮೊದಲು ನಿಮ್ಮ ಕಣ್ಣೆದುರೇ ತೂಗಿಸಿ. ಹೊರಬಟ್ಟೆ ಒತ್ತಾಗಿ ನೇಯ್ದ ದಪ್ಪ ಪಟ್ಟಾಪಟ್ಟಿ ಇರಲಿ. ಬೆಳಕಿಗೆ ಹಿಡಿದರೆ ತೂತು ಕಾಣಬಾರದು, ಕಂಡರೆ ಅರಳೆ ಹೊರಗೆ ಇಣುಕುತ್ತದೆ. ಇನ್ನು ದಬ್ಬಣದಿಂದ ಆರಪಾರ ಹಾಕುವ ಟಾಕಿ ಒಂದೊಂದು ಗೇಣಿಗೆ ಬೀಳಬೇಕು. ಗಾದಿಯ ಆಯುಷ್ಯ ಇರುವುದು ಈ ಟಾಕಿಯಲ್ಲಿ. ದೂರ ದೂರ ಹಾಕಿದರೆ ಅರಳೆ ಎಲ್ಲಾ ಒಂದು ಕಡೆ ಸೇರಿ ಗುಡ್ಡೆ ಕಟ್ಟುತ್ತದೆ. ನಾದಿನಿ ಅಲ್ಲೇ ಕುಳಿತು ಮಗಳ ಗಾದಿಗೆ ಹೇಳಿಬಿಟ್ಟಳು.

ನಾನು ಕೇಳಿದ್ದು ಅತ್ತೆಯವರ ಸೊಂಟದ ಮಾತು. ಕಾಕಾ, “ಹಳೇ ಗಾದಿ ಐತೇನ್ರಿ? ಅದರಾಗ ಏನೈತಿ ನೋಡ್ರಿ ಮೊದಲ, ಆಮ್ಯಾಲ ಹೊಸಾದು” ಎಂದರು. “ಬ್ಯಾರೆ ಬೇಕಂದ್ರ ನಮ್ಮ ಹುಡುಗನ್ನ ಕೇಳ್ರಿ, ಸುಳ್ಳ ಹೇಳಂಗಿಲ್ಲ.”

ನಾದಿನಿ ಇಂಡಿಗೆ ತಿರುಗಿದಳು. ನಾನು ತಾಳಿಕೋಟಿ ಮೇಲಿಂದ ಮುದ್ದೇಬಿಹಾಳಕ್ಕೆ ಹೋದೆ. 1565ರ ಯುದ್ಧದ ಹೆಸರಿನಲ್ಲಿ ಶಾಲೆಯ ಪುಸ್ತಕದಲ್ಲಿ ಓದಿದ ತಾಳಿಕೋಟಿ ನಮಗೆ ಬಸ್ಸು ಬದಲಿಸುವ ಊರು.

ಕಾಕಾನ ಮಗ ನಿಜಕ್ಕೂ ಸುಳ್ಳು ಹೇಳಲಿಲ್ಲ. ನನ್ನ ಹಳೆಯ ಫೋಮಿನ ಕಥೆ ಕೇಳಿ, “ತೂಕ ಎಷ್ಟ ಇತ್ರೀ ಅಕ್ಕಾರ?” ಎಂದ. ನನಗೇನು ಗೊತ್ತು! ಆಗ ಅವನು ತಿಳಿಸಿದ ಗುಟ್ಟು ಇದು. ಫೋಮಿನ ಮೇಲೆ 32, 40 ಎಂದು ಡೆನ್ಸಿಟಿ ಬರೆದಿರುತ್ತಾರೆ. ಒಂದು ಘನಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಎಂಬುದೇ ಆ ಅಂಕಿ, ಬೇರೇನೂ ಅಲ್ಲ. ಆರಡಿ, ಮೂರಡಿ, ನಾಲ್ಕಿಂಚು ದಪ್ಪದ ಗಾದಿ 32ರದಾದರೆ ಬಟ್ಟೆ ಬಿಟ್ಟು ಸುಮಾರು ಐದೂವರೆ ಕಿಲೋ ಇರಬೇಕು. 40ರದಾದರೆ ಆರು ಕಿಲೋ ಎಂಟುನೂರು ಗ್ರಾಮಿನಷ್ಟು. ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ, ಇಡಿಸಿ ನೋಡಿ. ತೂಕಕ್ಕಾಗಿ ಸುಣ್ಣದ ಪುಡಿ ಬೆರೆಸುವವರೂ ಉಂಟು. ಬೆರಳಿನಿಂದ ಉಜ್ಜಿದರೆ ಹಿಟ್ಟು ಉದುರಿದರೆ ಬೇಡವೆನ್ನಿ. (ಮನೆಗೆ ಬಂದು ನಮ್ಮದನ್ನು ತೂಗಿದೆ. ಮೂರೂವರೆ ಕಿಲೋ! ಬಟ್ಟೆಯೂ ಸೇರಿ!)

ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ಗಾದಿಯನ್ನೂ ತೋರಿಸಿದ. ಕರ್ಲಾನ್ ಹೆಸರು ಕೇಳದವರಾರು? 1962ರಲ್ಲಿ ಮಣಿಪಾಲದವರು ಕಟ್ಟಿದ ಕಂಪನಿ. ನಾರಿನ ಗಾದಿ ಗಟ್ಟಿ, ಗಾಳಿಯಾಡುತ್ತದೆ, ನಮ್ಮ ಸೆಖೆಗೆ ಒಳ್ಳೆಯದೇ. ಆದರೆ ಅದಕ್ಕೆ ಸಪಾಟು ಹಲಗೆಯ ಮಂಚ ಬೇಕು. ಹಗ್ಗದ ಹೊರಸಿನ ಮೇಲೆ ಹಾಕಿದರೆ ಬಾಗಿ ಬಾಗಿ ಒಳಗೆ ಮುರಿಯುತ್ತದೆ. ಮಡಚುವ ಹಾಗಿಲ್ಲ, ನೀರು ಬಿದ್ದರೆ ಬೇಗ ಒಣಗದು. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ನೆನಪಿಡಿ. ನಮ್ಮ ಅತ್ತೆಯವರದು ಹೊರಸೇ. ಅಲ್ಲಿಗೆ ಆ ಮಾತು ಮುಗಿಯಿತು.

ಸೊಂಟನೋವಿಗೆ ಕಲ್ಲಿನಂಥ ಹಾಸಿಗೆಯೇ ಮದ್ದು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಸ್ಪೇನ್ ದೇಶದ ವೈದ್ಯರು ಬಹುಕಾಲದ ಸೊಂಟನೋವಿನ 313 ಜನರಿಗೆ, ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ ಗಾದಿ ಕೊಟ್ಟು ತೊಂಬತ್ತು ದಿನ ನೋಡಿದರು. ಮಧ್ಯಮದ ಮೇಲೆ ಮಲಗಿದವರಿಗೇ ನೋವು ಹೆಚ್ಚು ಇಳಿಯಿತು. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನೀವೇ ಪರೀಕ್ಷಿಸಲು ಸುಲಭ ಉಪಾಯವಿದೆ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಸರಾಗವಾಗಿ ಆಚೆ ಹೋದರೆ ಗಾದಿ ತೀರ ಗಟ್ಟಿ, ತೂರುವುದೇ ಇಲ್ಲವಾದರೆ ತೀರ ಮೆತ್ತಗೆ. ಒಂದಿಷ್ಟು ಒತ್ತಿಕೊಂಡು ಹೋಗಬೇಕು. ಅಂಗಡಿಯಲ್ಲಿ ಮಲಗಲು ಸಂಕೋಚವೆಂದರೆ ಗೆಳತಿಯನ್ನು ಕರೆದುಕೊಂಡು ಹೋಗಿ, ಅವಳು ಅಡ್ಡ ನಿಲ್ಲಲಿ!

ಆ ರಾತ್ರಿ ತವರಿನಲ್ಲಿ ಉಳಿದೆ. ನಮ್ಮ ಅವ್ವನದು ಮುಳುಗಡೆಯಾದ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಜನ ಬಾಗಿಲು, ಜಂತಿ ಕಿತ್ತುಕೊಂಡು ಹೊಸ ಜಾಗಕ್ಕೆ ನಡೆದರು. ಅವ್ವ ಟ್ರ್ಯಾಕ್ಟರಿನಲ್ಲಿ ಹೇರಿದ್ದು ಎರಡು ಗಾದಿ, ಒಂದು ಬೀಸುಕಲ್ಲು. “ಆ ಹೊಲದ ಹತ್ತಿ ಅದು. ಹೊಲಾ ನೀರಾಗ ಹೋತು, ಹತ್ತಿ ನನ್ನ ಬೆನ್ನ ಕೆಳಗ ಐತಿ” ಎಂದಳು. ಅದೇ ಗಾದಿಯ ಮೇಲೆ ನಾನೂ ಮಲಗಿದೆ. ಮೂರು ಸಲ ಹಿಂಜಿಸಿದ್ದಾಳಂತೆ. ಆ ರಾತ್ರಿಯೇ ನನಗೆ ನಮ್ಮ ಅಟ್ಟ ನೆನಪಾದದ್ದು.

ಬಾಗೇವಾಡಿಗೆ ಬಂದವಳೇ ಮಗನನ್ನು ಅಟ್ಟ ಹತ್ತಿಸಿದೆ. ಅತ್ತೆಯವರ ಮದುವೆಯಲ್ಲಿ ಅವರ ತಂದೆ ಕೊಟ್ಟ ಗಾದಿ. ಧೂಳು ಕೊಡವಿ ಬಿಚ್ಚಿದರೆ ಒಂದು ಮೂಲೆ ಇಲಿ ತಿಂದಿದೆ, ಇನ್ನೊಂದು ಕಡೆ ತೇವ ಹಿಡಿದು ಕಪ್ಪಾಗಿದೆ. ಕೆಟ್ಟದ್ದನ್ನೆಲ್ಲ ಆರಿಸಿ ತೆಗೆದು ತೂಗಿದರೆ ಆರು ಕಿಲೋ ಉಳಿಯಿತು. ಐದು ವರ್ಷ ಅಟ್ಟದಲ್ಲಿ ಹಾಕಿದ್ದಕ್ಕೆ ನಾನು ಕೊಟ್ಟ ದಂಡ ಅದು. ಎರಡು ದಿನ ಬಿಸಿಲಿಗೆ ಹಾಕಿ, ಇಲ್ಲಿಯ ಪಿಂಜಾರರಲ್ಲಿ ಹಿಂಜಿಸಿದೆ. ಧೂಳಾಗಿ ಇನ್ನಷ್ಟು ಹೋಯಿತು. ಸಿಂದಗಿಯ ಕಾಕಾನಿಂದ ಮೂರೂವರೆ ಕಿಲೋ ಜವಾರಿ ಅರಳೆ ತರಿಸಿ ಕೂಡಿಸಿದೆ. ಹೊಸ ಬಟ್ಟೆ, ಗೇಣಿಗೊಂದು ಟಾಕಿ. ಎಲ್ಲಾ ಸೇರಿ, ನಾನು ಹಿಂದೆ ಫೋಮಿಗೆ ಕೊಟ್ಟದ್ದರ ಅರ್ಧದಷ್ಟೂ ಆಗಲಿಲ್ಲ. ಹಣವನ್ನು ವರ್ಷಕ್ಕೆ ಭಾಗಿಸಿ ನೋಡುವುದನ್ನು ನಾವು ಯಾಕೋ ಮರೆಯುತ್ತೇವೆ. ಮಾತಿಗೆ ಹೇಳುವುದಾದರೆ, ಆರು ಸಾವಿರದ ಗಾದಿ ಎರಡು ವರ್ಷಕ್ಕೆ ಕುಸಿದರೆ ವರ್ಷಕ್ಕೆ ಮೂರು ಸಾವಿರ ಬಾಡಿಗೆ ಕೊಟ್ಟ ಹಾಗಾಯಿತಲ್ಲ.

ಓಣಿಯಲ್ಲಿ ತಿರುಗುತ್ತಿದ್ದ ಕೌದಿ ಹೊಲಿಯುವ ಹೆಣ್ಣುಮಗಳನ್ನೂ ಕರೆದು ಹಳೆ ಸೀರೆಗಳನ್ನು ಕೊಟ್ಟೆ. ಗಾದಿಯ ಮೇಲೊಂದು ಕೌದಿ ಇದ್ದರೆ ಬೆವರು, ಎಣ್ಣೆ ಗಾದಿಗೆ ಇಳಿಯುವುದಿಲ್ಲ, ಕೌದಿಯನ್ನಾದರೆ ಒಗೆಯಬಹುದು. ಅವಳು ಕಟ್ಟೆಯ ಮೇಲೆ ಕುಳಿತು ಹೊಲಿಯುವಾಗ ನಮ್ಮ ಊರಿನ ಬಸವಣ್ಣನವರ ಕಾಲದ ಕದಿರ ರೆಮ್ಮವ್ವೆ ನೆನಪಾದಳು. ನೂಲುತ್ತಲೇ ವಚನ ಕಟ್ಟಿದವಳು. ಕೂಲಿಯಲ್ಲಿ ಚೌಕಾಶಿ ಮಾಡಲು ಹೊರಟಿದ್ದೆ, ಬಿಟ್ಟೆ.

ಮೊದಲ ರಾತ್ರಿ ಅತ್ತೆಯವರಿಗೆ ನಿದ್ದೆ ಬರಲಿಲ್ಲ. “ಭಾಳ ಉಬ್ಬೇತಿ, ಹೊಳ್ಳಿದ್ರ ಬೀಳ್ತೀನಿ ಅನಸತೈತಿ” ಎಂದು ದೂರಿದರು. ನನಗೆ ಎದೆ ಧಸಕ್ಕೆಂದಿತು. ಹೊಸದಾಗಿ ತುಂಬಿದ ಗಾದಿ ಹತ್ತು-ಹದಿನೈದು ದಿನ ಹಾಗೆಯೇ; ಆಮೇಲೆ ಮೈಗೆ ಹೊಂದುತ್ತದೆ. ವಾರ ಕಳೆದ ಮೇಲೆ ಚಾಪೆ ತಾನಾಗಿ ಮೂಲೆ ಸೇರಿತು. ಸೊಂಟನೋವು ಪೂರ್ತಿ ಹೋಯಿತೆಂದು ಹೇಳಲಾರೆ; ವಯಸ್ಸಿನದು. ಆದರೆ ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುವುದು ನಿಂತಿದೆ.

ಹದಿನೈದು ದಿನಕ್ಕೊಮ್ಮೆ ಗಾದಿಯನ್ನು ಮಾಳಿಗೆಯ ಬಿಸಿಲಿಗೆ ಹಾಕಿ, ಸಂಜೆ ಕೋಲಿನಿಂದ ಬಡಿದು ತರುತ್ತೇನೆ. ತಲೆಕಡೆಯದನ್ನು ಕಾಲಕಡೆ ತಿರುಗಿಸಿ ಹಾಸುತ್ತೇನೆ. ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಹಿಂಜಿಸಬೇಕು. ಫೋಮನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಹಳದಿಯಾಗಿ ಪುಡಿಯಾಗುತ್ತದೆ. ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು.

ನಮ್ಮ ಫೋಮಿನ ಗಾದಿಯನ್ನು ಈಳಿಗೆಯಲ್ಲಿ ತುಂಡು ಮಾಡಿ ಗವಸು ಹಾಕಿ ಆರು ಕೂರುವ ದಿಂಬು ಮಾಡಿದೆ. ಐದು ಕಟ್ಟೆಯ ಮೇಲಿವೆ. ಆರನೆಯದನ್ನು ಬೆಕ್ಕು ಬಿಟ್ಟುಕೊಡುತ್ತಿಲ್ಲ.